ನನ್ನ ಪಾಲಿಗೆ ಬಂದ ಹವಾಮಾನ

ಸತ್ತವರು ಬಿಟ್ಟುಹೋದ ಕೆಲಸವನ್ನು ಉಳಿದವರು ಯಾರಾದರೂ ವಹಿಸಿಕೊಳ್ಳಲೇಬೇಕು. ಕೆಲವರ ಪಾಲಿಗೆ ಹಸುಗಳು ಬರುತ್ತವೆ, ಕೆಲವರ ಪಾಲಿಗೆ ದೇವರ ಪೂಜೆ. ನನ್ನ ಪಾಲಿಗೆ ಬಂದದ್ದು ಇಡೀ ಏಷ್ಯಾ ಖಂಡದ ಹವಾಮಾನ.

ನಮ್ಮೂರು ಅವಲಪಲ್ಲಿಯ ಅಂಚಿನಲ್ಲಿ ನಮ್ಮದೊಂದು ಗುಲಾಬಿಯ ಪಾಲಿಹೌಸ್ ಇದೆ. ಗುಡುಗಿನ ಮುಂದೆ ಬರುವ ಬಿರುಗಾಳಿ ಒಳಹೊಕ್ಕರೆ ಮೇಲಿನ ಪ್ಲಾಸ್ಟಿಕ್ ಹಾಳೆ ಹರಿದೇ ಹೋಗುತ್ತದೆ. ಅಷ್ಟರೊಳಗೆ ಪಕ್ಕದ ಪರದೆಗಳನ್ನು ಇಳಿಸಬೇಕು. ಇದಕ್ಕೆ ನಮ್ಮ ತಲೆಯ ಮೇಲಿನ ಆಕಾಶ ನೋಡಿದರೆ ಸಾಲದೇ ಎಂದರೆ ನನ್ನ ಹೆಂಡತಿ ಸರೋಜ ಒಪ್ಪುತ್ತಿರಲಿಲ್ಲ. ಫೋನಿನ ನಕ್ಷೆಯಲ್ಲಿ ಅರಬರ ದೇಶದಿಂದ ಚೀನಾದವರೆಗೆ ಬಿರುಗಾಳಿ ತೋರಿಸುವ ಕೆಂಪು, ನೇರಳೆ ಬಣ್ಣಗಳನ್ನು ತಡಕಾಡುತ್ತ ಕೂರುತ್ತಿದ್ದಳು. ಸಾರು ಆರುತ್ತಿದೆ ಎಂದರೆ, “ಸಾರು ಎಲ್ಲೋಯ್ತದೆ? ಗಾಳಿ ನಿಮ್ಮನ್ನ ಕೇಳ್ಕಂಡು ಬತ್ತದಾ?” ಎನ್ನುತ್ತಿದ್ದಳು. ಪಕ್ಕದ ತೋಟದ ಮುನಿರಾಜು ಕೂಡ ಅವಳ ಮಾತಿನ ಮೇಲೆಯೇ ತನ್ನ ಪರದೆ ಇಳಿಸುತ್ತಿದ್ದ. ಕಳೆದ ಚಳಿಗಾಲದಲ್ಲಿ ಒಂದು ದಿನ ಮಲಗಿದವಳು ಬೆಳಿಗ್ಗೆ ಏಳಲಿಲ್ಲ. ಅಂದು ಫೋನು, ಆಕಾಶ ನಿರ್ಮಲ ಎಂದಿತ್ತು.

ಬೇಸಿಗೆ ಬಂತು. ಮುನಿರಾಜು ಸಂಜೆ ಬಂದು ಕುಳಿತು, “ಅಣ್ಣ, ಅಕ್ಕನ ಫೋನು ಏನಂತದೆ?” ಎಂದ. ನನಗೆ ಆ ನಕ್ಷೆ ಓದಲು ಬರುವುದಿಲ್ಲ ಎನ್ನಬಹುದಿತ್ತು. ಆದರೆ ಸರೋಜ ಹೋದಮೇಲೆ ಈ ಮನೆಗೆ ಬಂದು ಏನಾದರೂ ಕೇಳುವವನು ಅವನೊಬ್ಬನೇ. ಗೊತ್ತಿಲ್ಲ ಎಂದರೆ ನಾಳೆ ಯಾಕೆ ಬರುತ್ತಾನೆ? ಕನ್ನಡಕ ಹಾಕಿಕೊಂಡು, “ಗಾಳಿ ಇಲ್ಲ” ಎಂದೆ. ಬರಲೂ ಇಲ್ಲ. ಅಲ್ಲಿಂದ ದಿನಾ ಸಂಜೆ ಕಾಫಿ, ದಿನಾ ಮುನ್ಸೂಚನೆ. ನನ್ನ ಧೈರ್ಯವೂ ಬೆಳೆಯಿತು.

ಒಂದು ಮಧ್ಯಾಹ್ನ ನೋಡಿದರೆ ನಕ್ಷೆಯೆಲ್ಲ ನೇರಳೆ. ಮುನಿರಾಜುವಿನ ತೋಟಕ್ಕೆ ಓಡಿದೆ. ಬೆವರು ಸುರಿಸುತ್ತ ಇಬ್ಬರೂ ಎರಡೂ ತೋಟಗಳ ಪರದೆಗಳನ್ನು ಇಳಿಸಿ ಕಾದೆವು. ಒಂದು ಎಲೆಯೂ ಅಲುಗಲಿಲ್ಲ. ಒಳಗಿನ ಬೇಗೆಗೆ ಗುಲಾಬಿಗಳು ತಲೆ ಬಾಗಿಸಿದವು. ಮುನಿರಾಜು ಫೋನು ಇಸಿದುಕೊಂಡು ನೋಡಿದ. ನನ್ನ ಹೆಬ್ಬೆರಳು ತಗುಲಿ ನಕ್ಷೆ ಎಲ್ಲಿಗೋ ಸರಿದಿತ್ತು.

“ಅಣ್ಣ, ಇದು ಬರ್ಮಾ ಕಣಣ್ಣ.”

“ಗಾಳಿ ಅಂತೂ ಇತ್ತಲ್ಲ” ಎಂದೆ.

“ಇತ್ತು ಬುಡಿ. ಅವ್ರು ಪರದೆ ಇಳಿಸವ್ರೋ ಇಲ್ವೋ, ಅವ್ರ ಪರವಾಗಿ ನಾವು ಇಳಿಸಿದ್ವಿ.”

ಇನ್ನು ಅವನು ಬರುವುದಿಲ್ಲವೆಂದು ಮರುದಿನ ಒಬ್ಬನಿಗೆ ಸಾಕಾಗುವಷ್ಟೇ ಕಾಫಿ ಮಾಡಿದೆ. ಅವನು ಬಂದ. ಇದ್ದುದನ್ನೇ ಹಂಚಿಕೊಂಡು ಕುಡಿಯುತ್ತಿದ್ದಾಗ ಸರೋಜಳ ಫೋನು ಎಚ್ಚರಿಕೆಯ ಸದ್ದು ಮಾಡಿತು. ಬೆನ್ನಿಗೇ ಮುನಿರಾಜುವಿನ ಅಂಗಿಯ ಜೇಬಿನಿಂದಲೂ ಅದೇ ಸದ್ದು. ಅವನು ಜೇಬನ್ನು ಅಂಗೈಯಿಂದ ಮುಚ್ಚಿಕೊಂಡು, ಲೋಟದೊಳಗೆ ನೋಡುತ್ತ ಕೇಳಿದ:

“ಏನಂತದಣ್ಣ ಅಕ್ಕನ ಫೋನು?”

ನಕ್ಷೆಯನ್ನು ಮುಟ್ಟದೆ ಎಚ್ಚರಿಕೆಯಿಂದ ಓದಿದೆ. “ಇವತ್ತು ಗಾಳಿ ಐತೆ, ನಡಿ, ಪರದೆ ಇಳಿಸಾಣ.”

“ನಾಳೆ?”

ನಾಳೆಯದೂ ಅದರಲ್ಲೇ ಇತ್ತು.

“ನಾಳೇದು ನಾಳೆ ಬಾ, ಹೇಳ್ತೀನಿ” ಎಂದೆ.