ನಂಬಿಕಸ್ಥ ಕೊಡದ ಕಾಗದ

ಬೆಳಿಗ್ಗೆ ಕೆಳಮನೆಯ ಟೀಚರು ಬೀಗದಕೈಯನ್ನು ಅವನ ಕೈಗಿಟ್ಟು, ತಾವು ಊರಿಂದ ಬರುವ ತನಕ ಬೆಕ್ಕಿಗೆ ಎರಡು ಹೊತ್ತು ಹಾಲಿಡಬೇಕೆಂದರು. ನಿಮ್ಮಂಥ ನಂಬಿಕಸ್ಥರು ಸಿಗುವುದಿಲ್ಲ ಎಂದೂ ಸೇರಿಸಿದರು. ಬೆಕ್ಕು ಕಂಡರೆ ಅವನಿಗೆ ಸೀನು. ಆದರೂ ತಲೆಯಾಡಿಸಿದ. ಹಾಲಿಟ್ಟು ಮುದ್ರಣಾಲಯ ತಲುಪುವಷ್ಟರಲ್ಲಿ ಮೂಗು ಮಾಗಿದ ಟೊಮೇಟೊ ಆಗಿತ್ತು.

ಅಲ್ಲಿ ಅವನ ಕೆಲಸ ಕರಡು ತಿದ್ದುವುದು. ಪದಗಳ ನಾಡಿ ಬಲ್ಲವನು. ಬೇರೆ ಹೊಗಳಿಕೆಗಳು ಬರಿಗೈಯಲ್ಲಿ ಬರುತ್ತವೆ, 'ನಂಬಿಕಸ್ಥ' ಎನ್ನುವುದು ಮಾತ್ರ ಒಂದು ಮೂಟೆ ಹೊತ್ತೇ ಬರುತ್ತದೆ ಎಂಬುದು ಅವನ ಇಪ್ಪತ್ತು ವರ್ಷದ ಅನುಭವ.

ಕೂರುವುದರೊಳಗೆ ಬೈಂಡಿಂಗ್ ವಿಭಾಗದ ಅಕ್ಕ ಬಂದಳು. ಪುಟ ತಲೆಕೆಳಗಾದದ್ದಕ್ಕೆ ಮಾಲೀಕರು ಎಲ್ಲರೆದುರು ಬೈದಿದ್ದರಂತೆ. ಕಣ್ಣು ಕೆಂಪಗಿತ್ತು, ಕೈಯಲ್ಲಿ ಲಕೋಟೆ.

"ರಾಜೀನಾಮೆ. ಹನ್ನೊಂದಕ್ಕೆ ಅವರ ಕೈಗೇ ಕೊಡಿ. ನಾನು ಅವರ ಮುಖ ನೋಡಲ್ಲ. ನೀವು ನಂಬಿಕಸ್ಥರು, ಅದಕ್ಕೇ."

ಅವನೊಳಗೆ ಏನೋ ಪಟ್ಟೆಂದು ಹರಿಯಿತು. ಇವತ್ತೊಂದು ದಿನ ಕೈಕೊಟ್ಟು ನೋಡೋಣ, ಆಮೇಲೆ ಯಾರೂ ತನ್ನ ತಂಟೆಗೆ ಬರುವುದಿಲ್ಲ ಎಂದುಕೊಂಡು ಲಕೋಟೆಯನ್ನು ಡ್ರಾಯರಿಗೆ ತಳ್ಳಿದ. ಹನ್ನೊಂದಾಯಿತು, ಹನ್ನೆರಡಾಯಿತು. ಕಾಲು ಚಾಚಿ ಚಹಾ ಕುಡಿದ. ನಂಬಿಕಸ್ಥನಲ್ಲದವನ ಬಾಳು ಇಷ್ಟು ಹಗುರವೇ ಎಂದು ಆಶ್ಚರ್ಯವಾಯಿತು.

ಮೂರಕ್ಕೆ ಅಕ್ಕ ಏದುಸಿರು ಬಿಡುತ್ತ ಬಂದಳು. ಮಾಲೀಕರೇ ಬಂದು ತಪ್ಪಾಯಿತು ಎಂದಿದ್ದರು, ಅವಳನ್ನು ವಿಭಾಗದ ಮುಖ್ಯಸ್ಥೆಯನ್ನಾಗಿಯೂ ಮಾಡಿದ್ದರು.

"ಕಾಗದ ಕೊಟ್ಟುಬಿಟ್ರಾ?"

"ಇಲ್ಲ," ಎಂದ ಅವನು, ಬೈಗುಳಕ್ಕೆ ಸಿದ್ಧನಾಗಿ. "ಬೇಕಂತಲೇ ಕೊಡ್ಲಿಲ್ಲ."

ಅಕ್ಕ ಅಲ್ಲೇ ಕುರ್ಚಿಯ ಮೇಲೆ ಕುಸಿದು ಅತ್ತಳು. "ಸಿಟ್ಟಲ್ಲಿ ಬರೆದದ್ದು ಅಂತ ನಿಮಗೆ ಹೊಳೀತಲ್ಲ. ಬೇರೆ ಯಾರಾದ್ರೂ ಆಗಿದ್ರೆ ಕೊಟ್ಟೇ ಬಿಡ್ತಿದ್ರು."

ಅವನು ನಿಜ ಹೇಳಲು ಎರಡು ಸಲ ಬಾಯಿ ತೆರೆದ. ಎರಡು ಸಲವೂ ಅದನ್ನವಳು ವಿನಯವೆಂದೇ ತಿಳಿದಳು. ಅವಳ ಮುಖದ ನೆಮ್ಮದಿ ನೋಡಿ, ಹೋಗಲಿ ಬಿಡು, ಒಬ್ಬಳ ಅನ್ನವಾದರೂ ಉಳಿಯಿತು ಎಂದು ಅವನಿಗೂ ಖುಷಿಯಾಯಿತು.

ಸುದ್ದಿ ಅಚ್ಚಿನ ಶಾಯಿಯಂತೆ ಹರಡಿತು. ಸಂಜೆ ಮಾಲೀಕರೇ ಅವನ ಕೋಣೆಗೆ ಬಂದು, ಬಾಗಿಲು ಹಾಕಿ, ದಪ್ಪ ಲಕೋಟೆಯೊಂದನ್ನು ಮೇಜಿನ ಮೇಲಿಟ್ಟರು.

"ನಮ್ಮ ಮಾವನವರಿಗೆ ಬರೆದದ್ದು. ಸ್ವಲ್ಪ ಖಾರವಾಗಿದೆ. ಕೊಡೋದೋ ಬೇಡ್ವೋ ನೀವೇ ನೋಡಿ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನಿಮ್ಮನ್ನೇ ಕೇಳ್ತೀನಿ."

ಅಲ್ಲಿಯ ತನಕ ಹೇಳಿದ್ದನ್ನು ಮಾಡಿದರೆ ಸಾಕಿತ್ತು. ಇನ್ನು ಮೇಲೆ ಹೇಳಿದ್ದರಲ್ಲಿ ಯಾವುದನ್ನು ಮಾಡಬಾರದು ಎಂದು ಯೋಚಿಸುವ ಕೆಲಸವೂ ಅವನದೇ ಆಯಿತು.