ಟೈರಿನ ಜಾತಕ ಕೇಳುವ ಮಾವ

ನಮ್ಮ ಸೋದರಮಾವ ಅತ್ತೆಯನ್ನು ನೋಡಲು ಹೋದಾಗ ಒಂದು ಕಪ್ ಚಹಾ ಮುಗಿಯುವುದರೊಳಗೆ ಒಪ್ಪಿ ಎದ್ದು ಬಂದನಂತೆ. ಹೋದ ವರ್ಷದಿಂದೀಚೆಗೆ ಟೈರ್ ನೋಡಲು ಹೋದರೆ ಮಾತ್ರ ಅವನಿಗೆ ಇಡೀ ದಿನ ಸಾಲದು. "ನನ್ನ ಜಾತಕ ಕೇಳಲಿಲ್ಲ ನೋಡಪಾ, ಟೈರಿಂದು ಕೇಳತಾರ" ಎಂದು ಅತ್ತೆ ಇವತ್ತಿಗೂ ಮುನಿಯುತ್ತಾಳೆ.

ಮಾವನದು ಖಾನಾಪುರದ ಹತ್ತಿರದ ಹಳ್ಳಿ. ಒಂದು ಟ್ರ್ಯಾಕ್ಟರ್, ಅದರ ಹಿಂದೆ ಕಬ್ಬು ಹೇರುವ ಎರಡು ಟ್ರೇಲರ್. ಈ ಸಲ ಕಬ್ಬು ಕಡಿಯುವ ಹಂಗಾಮು ಶುರುವಾಗುವ ಮೊದಲು ಟ್ರೇಲರಿಗೆ ಟೈರ್ ತರಲು ಬೆಳಗಾವಿಗೆ ಹೊರಟವನು ನನ್ನನ್ನೂ ಎಳೆದುಕೊಂಡು ಹೋದ. ಓದಿದವನು ಜೊತೆಗಿದ್ದರೆ ಅಂಗಡಿಯವರು ಹೆದರುತ್ತಾರೆ ಎಂಬುದು ಅವನ ನಂಬಿಕೆ. ನಾನು ಓದಿದ್ದು ಇತಿಹಾಸ.

ಮೂರು ಅಂಗಡಿ ಮುಗಿದವು. ನಾಲ್ಕನೆಯದರಲ್ಲಿ ಮಾವ ಟೈರನ್ನು ಮೂಸಿದ, ಉಗುರಿನಿಂದ ಒತ್ತಿದ, ಕನ್ನಡಕ ಏರಿಸಿ ಅದರ ಪಕ್ಕದಲ್ಲಿ ಅಚ್ಚೊತ್ತಿದ ನಾಲ್ಕು ಅಂಕಿ ಹುಡುಕಿದ. ಅದು ಟೈರ್ ಹುಟ್ಟಿದ ವಾರ ಮತ್ತು ವರ್ಷ!

"ಇದು ಎರಡು ವರ್ಷ ಗೋದಾಮಿನ್ಯಾಗ ಕುಂತೈತಿ. ಬ್ಯಾಡ."

ಅಂಗಡಿಯವ ಇನ್ನೊಂದನ್ನು ಉರುಳಿಸಿ ತಂದ. ದಪ್ಪ ದಪ್ಪ ಕಚ್ಚುಗಳು, ನೋಡಲು ಚೆಂದವಿತ್ತು.

"ಚೆಂದ ತಗೊಂಡ ಏನ ಮಾಡೂದೈತಿ? ಇದು ಕೆಸರಾಗ ಎಳಿಯೂ ಟೈರು. ನನಗ ಭಾರ ಹೊರೂದು ಬೇಕು. ಬಾಜೂಕ ಗಟ್ಟಿ ಇರಬೇಕು."

"ಕಾಕಾ, ಕಂಪನಿ ಗ್ಯಾರಂಟಿ ಐತ್ರಿ."

"ಗ್ಯಾರಂಟಿ ಟೈರಿಗೈತಿ. ಮ್ಯಾಲ ಕುಂತ ಮಂದಿಗೈತೇನು?"

ಅಂಗಡಿಯವ ನನ್ನ ಮುಖ ನೋಡಿದ. ಇತಿಹಾಸದವನು ಏನು ಹೇಳಬೇಕು?

ಕೊನೆಗೂ ಟೈರ್ ಸಿಕ್ಕು ವಾಪಸ್ ಬರುವಾಗ ಮಾವ ತಾನಾಗಿಯೇ ಬಾಯಿಬಿಟ್ಟ. ಹೋದ ಹಂಗಾಮಿನಲ್ಲಿ ಕಬ್ಬು ಕಡಿಯುವ ಗ್ಯಾಂಗನ್ನು ಖಾಲಿ ಟ್ರೇಲರಿನಲ್ಲಿ ಕರೆತರುವಾಗ ಹಳೆಯ ಟೈರು ಸಿಡಿದು, ಟ್ರೇಲರ್ ವಾಲಿ, ಐದು ವರ್ಷದ ಹುಡುಗಿಯೊಬ್ಬಳು ಕೆಳಗೆ ಬಿದ್ದಿದ್ದಳು. ಪುಣ್ಯಕ್ಕೆ ಮೊಣಕೈ ತರಚಿತ್ತು, ಅಷ್ಟೇ.

"ಇನ್ನೊಂದು ಹಂಗಾಮ ನಡೀತೈತಿ ಅಂತ ಆ ಟೈರು ಹಂಗ ಬಿಟ್ಟಾಂವ ನಾನ" ಎಂದ.

ಅವನ ಟೈರ್ ಹುಚ್ಚಿನ ಕತೆ ಹೇಳಿ ಊರನ್ನೆಲ್ಲ ನಗಿಸಿದವನು ನಾನು. ನನಗೆ ನಾಚಿಕೆಯಾಯಿತು.

ಸೋಮವಾರ ಅದೇ ಗ್ಯಾಂಗ್ ಊರಿಗೆ ಬಂದಿಳಿಯಿತು. ಗದ್ದೆಗೆ ಒಯ್ಯಲು ಪಾತ್ರೆ, ಕೋಳಿ, ಹಾಸಿಗೆ ಎಲ್ಲ ಟ್ರೇಲರ್ ಏರಿದವು. ಆ ಹುಡುಗಿ ಮಾತ್ರ ಅವ್ವನ ಸೀರೆ ಹಿಡಿದು ನಿಂತುಬಿಟ್ಟಳು, ಏನೇ ಮಾಡಿದರೂ ಏರಲೊಲ್ಲಳು. ಅವ್ವ ಹೊಡೆಯಲು ಕೈ ಎತ್ತಿದಳು. ಮಾವ ಅವಳನ್ನು ತಡೆದು, ಹುಡುಗಿಯ ಮುಂದೆ ಕುಕ್ಕರಗಾಲಲ್ಲಿ ಕೂತ.

"ತಪ್ಪು ನಂದವ್ವಾ. ಈಗ ಹೊಸಾ ಟೈರು ಹಾಕೇನಿ. ನೀ ಹ್ಞೂಂ ಅಂದ್ರ ಗಾಡಿ ಹೊಂಡತೈತಿ, ಇಲ್ಲಂದ್ರ ಇಲ್ಲ."

ಹುಡುಗಿ ಬಹಳ ಹೊತ್ತು ಟೈರು ನೋಡಿದಳು. ಆಮೇಲೆ ಮಾವನನ್ನು ನೋಡಿದಳು.

"ಗಾಡಿ ಸಾವಕಾಶ ಹೊಡೀತಿ ಏನ, ಮುತ್ಯಾ?"

ಅಂಗಡಿಯವರನ್ನೆಲ್ಲ ಮಾತಿನಲ್ಲಿ ಸೋಲಿಸಿದ ಮಾವ ತಲೆಯಾಡಿಸಿ, ಅವಳನ್ನೆತ್ತಿ ಅವ್ವನ ಮಡಿಲಿಗೆ ಕೊಟ್ಟು ಟ್ರ್ಯಾಕ್ಟರ್ ಏರಿದ. ನಾನು ಬೈಕಿನಲ್ಲಿ ಹಿಂದೆ ಹೊರಟೆ. ಸೈಕಲ್ಲುಗಳೂ ನಮ್ಮನ್ನು ದಾಟಿ ಹೋದವು. ಹಿಂದಿನವರು ಎಷ್ಟು ಹಾರ್ನ್ ಹೊಡೆದರೂ ಮಾವ ಗದ್ದೆ ಮುಟ್ಟುವವರೆಗೆ ಎರಡನೇ ಗೇರ್ ಬಿಡಲಿಲ್ಲ.