ಹೂವಿನ ಪಾತ್ರೆಯ ಸಂರಕ್ಷಣೆ

ಅಡುಗೆಯೇ ಜನಪದ ಕಲೆಯ ಪ್ರಥಮ ಶತ್ರು ಎಂದು ಗೃಹೋಪಯೋಗಿ ಕಲಾ ಸಂರಕ್ಷಣಾ ಇಲಾಖೆಯು ತೀರ್ಮಾನಿಸಿದ ದಿನ ಬಣ್ಣದಜ್ಜಿಯ ಒಲೆ ಆರಿತು.

ಅಜ್ಜಿಗಿದ್ದುದು ಒಂದೇ ಪಾತ್ರೆ. ಅದರ ನೆಗ್ಗು ಕಾಣದಿರಲೆಂದು ಮದುವೆಯಾದ ಹೊಸದರಲ್ಲಿ ಮೇಲೊಂದು ಹೂವು ಬರೆದಿದ್ದಳು. ಕೈ ಸುಮ್ಮನಿರಲಿಲ್ಲ, ಮುಚ್ಚಳಕ್ಕೆ ಬಳ್ಳಿ ಬಂತು, ಸೌಟಿನ ಹಿಡಿಗೆ ಹಕ್ಕಿ ಬಂತು. ಬೆಂಕಿಗೆ ಹೂವು ಕರಕಲಾದರೆ ಮರುದಿನ ಮತ್ತೆ ಬರೆಯುತ್ತಿದ್ದಳು. ಹೀಗಾಗಿ ಹೂವು ಹಳೆಯದಾಗಲೇ ಇಲ್ಲ, ಅವಳ ಗಂಡ ತಾತನ ಹಸಿವೂ ಅಷ್ಟೇ.

ತಪಾಸಣೆಗೆ ಬಂದ ಅಧಿಕಾರಿಗಳು ಒಲೆಯ ಮೇಲಿನ ಪಾತ್ರೆ ಕಂಡು ಎದೆ ಹಿಡಿದುಕೊಂಡರು.

“ಅಜ್ಜೀ, ಪರಂಪರೇನ ಬೇಯಿಸ್ತಾ ಇದ್ದೀರಲ್ಲ!”

“ಇಲ್ಲಪ್ಪ, ಕಾಳು ಬೇಯಿಸ್ತಿದೀನಿ. ಕೂತ್ಕೋ, ಎರಡು ತುತ್ತು ತಿಂದು ಹೋಗು.”

ಅಧಿಕಾರಿಗಳು ತಿಂದರು, ಬೆರಳು ನೆಕ್ಕಿದರು, ಪಾತ್ರೆ ತೊಳೆಸಿ ಮೊಹರು ಹಾಕಿದರು. ಸುತ್ತ ಹಗ್ಗ ಕಟ್ಟಿಸಿ ಪ್ರಕಟಣೆ ಅಂಟಿಸಿದರು: “ಅಲಂಕೃತ ಪಾತ್ರೆಯನ್ನು ಅದರ ಒಡತಿಯೂ ಸೇರಿದಂತೆ ಯಾರೂ ಮುಟ್ಟತಕ್ಕದ್ದಲ್ಲ.”

ಅಜ್ಜಿ ಪಕ್ಕದ ಮನೆಯಿಂದ ಬೋಳು ಪಾತ್ರೆ ತಂದಳು. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ. ನೀರು ಕಾಯುವಷ್ಟರಲ್ಲಿ ಅದರ ಮೇಲೂ ಒಂದು ಹೂವು ಬಿದ್ದಿತ್ತು. ಇಲಾಖೆ ಅದನ್ನೂ ಹಗ್ಗದೊಳಗೆ ಸೇರಿಸಿತು. ಅಂದಿನಿಂದ ಅಜ್ಜಿ ಬಂದಳೆಂದರೆ ನೆರೆಯವರು ಪಾತ್ರೆಗಳನ್ನು ಬಚ್ಚಿಡತೊಡಗಿದರು.

ಅಷ್ಟರಲ್ಲಿ ಮೇಲಧಿಕಾರಿಗಳಿಗೆ ಇನ್ನೊಂದು ನಿಯಮ ನೆನಪಾಯಿತು: ಬಳಕೆಯಲ್ಲಿಲ್ಲದ ವಸ್ತು ಜನಪದ ಕಲೆ ಎನಿಸದು. ಆದಕಾರಣ ಪಾತ್ರೆಯನ್ನು ಬಳಸಲು ಒಬ್ಬ ಗುಮಾಸ್ತರನ್ನು ನೇಮಿಸಲಾಯಿತು. ಅವರು ಬಿಳಿ ಕೈಗವಸು ತೊಟ್ಟು, ಒಲೆ ಹಚ್ಚದೆ, ಖಾಲಿ ಪಾತ್ರೆಯಲ್ಲಿ ಶ್ರದ್ಧೆಯಿಂದ ಸೌಟು ಆಡಿಸುತ್ತಿದ್ದರು.

ತಾತನ ಕೆನ್ನೆ ಒಳಕ್ಕೆ ಹೋಗಿದ್ದನ್ನು ಕಂಡು ಅಜ್ಜಿ ಸೌಟಿಗೆ ಕೈ ಚಾಚಿದಳು.

“ನಾನೇ ಮಾಡ್ತೀನಿ ಬಿಡಪ್ಪ. ಅವರು ನಿನ್ನೆಯಿಂದ ಬರೀ ನೀರು ಕುಡ್ಕೊಂಡಿದಾರೆ.”

“ನಿಮಗೆ ಬಳಕೆಯ ತರಬೇತಿ ಆಗಿಲ್ವಲ್ಲ, ಅಜ್ಜಿ” ಎಂದರು ಗುಮಾಸ್ತರು, ನಿಜಕ್ಕೂ ಮರುಗಿ.

ಊಟದ ಹೊತ್ತಿಗೆ ನೋಡಲು ಜನ ಸೇರಿದರು. ಗುಮಾಸ್ತರು ಖಾಲಿ ಸೌಟನ್ನು ತಾತನ ತಟ್ಟೆಗೆ ಬಗ್ಗಿಸಿದರು. ತಾತ ತಟ್ಟೆ ನೋಡಿದ, ಹೆಂಡತಿಯ ಮುಖ ನೋಡಿದ. ಅವಳು ನೊಂದುಕೊಳ್ಳಬಾರದೆಂದು ಇಲ್ಲದ್ದನ್ನು ಕಲಸಿ ಬಾಯಿಗಿಟ್ಟುಕೊಂಡ.

“ಉಪ್ಪು ಸಾಲದು ಕಣೇ.”

ಮರುದಿನವೇ ಉಪ್ಪಿಗೆಂದು ಪ್ರತ್ಯೇಕ ಗುಮಾಸ್ತರು ಬಂದು ಖಾಲಿ ಚಿಟಿಕೆ ಉದುರಿಸಿದರು. ತಾತ ತಲೆಯಾಡಿಸಿದ. ಜನ ಚಪ್ಪಾಳೆ ತಟ್ಟಿದರು. ಅಜ್ಜಿ ಹಗ್ಗದಾಚೆಯಿಂದ ಕತ್ತು ಚಾಚಿ ಹೇಳಿದಳು:

“ಇನ್ನೊಂದು ಸೌಟು ಬಡಿಸಪ್ಪ. ಅವರು ಬಾಯಿಬಿಟ್ಟು ಕೇಳೋರಲ್ಲ.”